ಬ್ರೇಕಿನ ಬೋಲ್ಟ್ ಕಟ್ ಆದರೆ ಕಾರಿನಲ್ಲೇ ಕೊರೆಯಲು ಬಿಡಬೇಡಿ

ಮನೆಯಲ್ಲೇ ಕಾರಿನ ಬ್ರೇಕ್ ಪ್ಯಾಡ್, ಡಿಸ್ಕ್ ಬದಲಿಸುವವರು ಈಗ ಜಾಸ್ತಿಯಾಗಿದ್ದಾರೆ. ನಾನೂ ಅವರಲ್ಲಿ ಒಬ್ಬ. ಸರಿಯಾದ ಸಾಮಾನು, ಸ್ವಲ್ಪ ತಾಳ್ಮೆ ಇದ್ದರೆ ಕಷ್ಟದ ಕೆಲಸ ಅಲ್ಲ. ಆದರೆ ನಡುವೆ ಒಂದು ಬೋಲ್ಟ್ ಕಟ್ ಆಯಿತು ಅಂದುಕೊಳ್ಳಿ. ಯಾರೋ ಬಂದು "ಕೊರೆದು ತೆಗೆದು ಬೇರೆ ಬೋಲ್ಟ್ ಹಾಕಿ ಕೊಡ್ತೇನೆ" ಅಂದರೆ ದಯವಿಟ್ಟು ಬೇಡ ಅನ್ನಿ. ಬೋಲ್ಟ್ ಕಟ್ ಆದದ್ದರಿಂದ ಯಾರಿಗೂ ಏನೂ ಆಗುವುದಿಲ್ಲ. ಕಾರು ಸ್ಟ್ಯಾಂಡ್ ಮೇಲೆ ನಿಂತೇ ಇರುತ್ತದೆ. ಅಪಾಯ ಇರುವುದು ಅದರ ನಂತರ ಅವಸರದಲ್ಲಿ ಮಾಡುವ ರಿಪೇರಿಯಲ್ಲಿ. ನಮ್ಮ ಕಾರಿಗೆ ಆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇನ್ನೊಬ್ಬರ ಕಾರಿಗೆ ಹೀಗೆ ಆಗಬಾರದು.

ನಾವಿರುವುದು ಮಲ್ಪೆಯ ಹತ್ತಿರ. ಕಡಲ ಉಪ್ಪುಗಾಳಿ, ಅದರ ಮೇಲೆ ಜೂನ್‌ನಿಂದ ಬಿಡದೆ ಸುರಿಯುವ ಮಳೆ. ಇಲ್ಲಿ ಕಾರಿನ ಅಡಿಭಾಗಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ನಮ್ಮದು ಚಿಕ್ಕ ಹ್ಯಾಚ್‌ಬ್ಯಾಕ್. ಮುಂದಿನ ಡಿಸ್ಕ್ ಸವೆದು ಅಂಚಿನಲ್ಲಿ ಏಣು ಎದ್ದಿತ್ತು. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಳೆದು ನೋಡಿದರೆ ಅದಕ್ಕಿಂತ ಕಡಿಮೆ ಇತ್ತು. ಹಾಗಾಗಿ ಪ್ಯಾಡ್ ಜೊತೆ ಡಿಸ್ಕನ್ನೂ ಬದಲಿಸಬೇಕಾಯಿತು.

ಬರೀ ಪ್ಯಾಡ್ ಆದರೆ ಕ್ಯಾಲಿಪರಿನ, ಅಂದರೆ ಪ್ಯಾಡನ್ನು ತಿರುಗುವ ಡಿಸ್ಕಿಗೆ ಒತ್ತಿ ಹಿಡಿಯುವ ಭಾಗದ, ಕೆಳಗಿನ ಸಣ್ಣ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲೆತ್ತಿದರೆ ಎಷ್ಟೋ ಕಾರುಗಳಲ್ಲಿ ಕೆಲಸ ಮುಗಿಯುತ್ತದೆ. ಡಿಸ್ಕ್ ಹೊರಗೆ ಬರಬೇಕಾದರೆ ಕ್ಯಾಲಿಪರ್ ಕೂರುವ ಬ್ರಾಕೆಟ್ಟನ್ನೇ ತೆಗೆಯಬೇಕು. ಅದನ್ನು ಹಿಡಿದಿರುವುದು ಎರಡು ದಪ್ಪ ಬೋಲ್ಟ್. ನಮ್ಮ ಕಾರಿನಲ್ಲಿ ಅವು ಹಿಂದಿನಿಂದ ನಕಲ್‌ನ ತೂತಿನ ಮೂಲಕ ಹಾದು ಬ್ರಾಕೆಟ್ಟಿನ ಥ್ರೆಡ್ಡಿಗೆ ಕಚ್ಚಿಕೊಳ್ಳುತ್ತವೆ. ನಕಲ್ ಅಂದರೆ ಚಕ್ರದ ಬೇರಿಂಗ್, ಸ್ಟಿಯರಿಂಗ್ ರಾಡ್, ಸಸ್ಪೆನ್ಷನ್ ಎಲ್ಲವೂ ಬಂದು ಸೇರುವ ದಪ್ಪ ಲೋಹದ ಭಾಗ. ಅದರ ತೂತು ಬರೀ ತೂತು, ಅಲ್ಲಿ ಥ್ರೆಡ್ ಇಲ್ಲ. ಥ್ರೆಡ್ ಇರುವುದು ಬ್ರಾಕೆಟ್ಟಿನಲ್ಲಿ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ನಮಗಾದ ನಷ್ಟಕ್ಕೆಲ್ಲ ಇದನ್ನು ನೋಡದೆ ಕೆಲಸ ಮಾಡಿದ್ದೇ ಕಾರಣ.

ಮೇಲಿನ ಬೋಲ್ಟ್ ಸುಲಭವಾಗಿ ಬಂತು. ಕೆಳಗಿನದು ಸ್ವಲ್ಪ ತಿರುಗಿತು, ಆಮೇಲೆ ತಲೆ ಮಾತ್ರ ಸಾಕೆಟ್ಟಿನೊಳಗೆ ಬಂತು. ಮುಂಚೆ ಎಲ್ಲೋ ಏರ್ ಗನ್ ಹಿಡಿದು ಅದನ್ನು ಮಿತಿಮೀರಿ ಬಿಗಿದಿದ್ದರು. ಅದರ ಮೇಲೆ ಉಪ್ಪಿನ ತುಕ್ಕು. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗ ಇರುವುದಿಲ್ಲ, ಬೋಲ್ಟ್ ಕಚ್ಚಿಕೊಳ್ಳುತ್ತದೆ.

ಕಟ್ ಆಗುವ ಮುಂಚೆ ಬೋಲ್ಟ್ ಸೂಚನೆ ಕೊಡುತ್ತದೆ. ಬಿಚ್ಚಿಕೊಳ್ಳುವ ಬೋಲ್ಟ್ ಮೊದಲು ಟಕ್ ಅಂತ ಬಿಟ್ಟು, ಆಮೇಲೆ ಹಗುರವಾಗುತ್ತಾ ಹೋಗುತ್ತದೆ. ಹಗುರವಾಗದೆ, ಸ್ಪ್ಯಾನರ್ ಮಾತ್ರ ಮೆತ್ತಗೆ ತಿರುಗುತ್ತಾ ಇದ್ದರೆ ಅದು ಬಿಚ್ಚಿಕೊಳ್ಳುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಸ್ವಲ್ಪ ಹಿಂದಕ್ಕೆ ಬಿಗಿಯಿರಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ. ಮರುದಿನ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಬಿಗಿದು, ಮತ್ತೆ ಬಿಚ್ಚಿ. ಆರು ಮೂಲೆಯ ಸಾಕೆಟ್ಟೇ ಬಳಸಿ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ತಲೆಯನ್ನು ಬೇಗ ಉಜ್ಜಿಬಿಡುತ್ತದೆ. ಹಾಂ, ಆ ಎಣ್ಣೆ ಪ್ಯಾಡ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಎಣ್ಣೆ ಕುಡಿದ ಪ್ಯಾಡ್ ಒರೆಸಿದರೆ ಸರಿಯಾಗುವುದಿಲ್ಲ, ಎಸೆಯಲೇಬೇಕು.

ಬೋಲ್ಟ್ ಕಟ್ ಆದ ಮೇಲೆ ನಮ್ಮ ಭಾವ ಹತ್ತಿರದ ಒಂದು ಗ್ಯಾರೇಜಿನವರನ್ನು ಕರೆದುಕೊಂಡು ಬಂದರು. ಬಂದವರು ನೋಡಿ, "ಇದೆಲ್ಲ ದಿನಾ ಮಾಡ್ತೇವೆ ಸರ್, ಅರ್ಧ ಗಂಟೆ ಸಾಕು" ಅಂದರು. ಬೋಲ್ಟ್ ಕಾಯಿಸಲು ಗ್ಯಾಸ್ ಹಚ್ಚಿದರು. ಕ್ಯಾಲಿಪರನ್ನು ನಾನು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿದ್ದೆ. ಬ್ರೇಕ್ ಪೈಪ್ ಅದಕ್ಕೇ ಸೇರಿತ್ತು. ಅದನ್ನು ದೂರ ಸರಿಸಿ ಕಟ್ಟೋಣ ಅಂದೆ. "ಏನೂ ಆಗಲ್ಲ" ಅಂದರು.

ಏನಾಗುತ್ತದೆ ಅಂತ ಹೇಳುತ್ತೇನೆ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವ ಬ್ರೇಕ್ ಆಯಿಲ್ ಡಾಟ್ 3, ಡಾಟ್ 4. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 140. ಕೆಂಪಗೆ ಕಾಯಿಸಿದ ಕಬ್ಬಿಣ 700 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಅಷ್ಟೇ ಅಲ್ಲ, ಬ್ರೇಕ್ ಆಯಿಲ್‌ಗೆ ಬೆಂಕಿ ಹತ್ತುತ್ತದೆ. ಇನ್ನೊಂದು ವಿಷಯ, ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ದ್ರವ ಇರುತ್ತದೆ. ಅದು ಆರುವ ಮುಂಚೆ ಜ್ವಾಲೆ ತಗುಲಿದರೆ ಫಾಸ್ಜೀನ್ ಅನ್ನುವ ಅನಿಲ ಹುಟ್ಟಬಹುದು. ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ವಿಷ ಅದು. ಡಬ್ಬದ ಮೇಲೆ ಬರೆದದ್ದನ್ನು ಓದದೆ ಗ್ಯಾಸ್ ಹಚ್ಚಲು ಬಿಡಬೇಡಿ.

ನಮ್ಮಲ್ಲಿ ಬೆಂಕಿ ಹತ್ತಲಿಲ್ಲ. ಆದರೆ ಕ್ಯಾಲಿಪರ್ ಹಿಂದೆ ಮುಂದೆ ಜಾರಲು ಇರುವ ಸ್ಲೈಡ್ ಪಿನ್ನಿನ ರಬ್ಬರ್ ಬೂಟು ಸುಟ್ಟಿತು, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಸೆನ್ಸರಿನ ವೈರ್ ಕರಗಿತು. ಅದು ಗೊತ್ತಾದದ್ದು ಆಮೇಲೆ.

ಕಾಯಿಸಿದರೂ ಬರಲಿಲ್ಲ ಅಂತ ಡ್ರಿಲ್ ತೆಗೆದರು. ಕಟ್ ಆದ ಬೋಲ್ಟಿನ ಮುಖ ಒರಟಾಗಿ, ಓರೆಯಾಗಿ ಇರುತ್ತದೆ. ಅದನ್ನು ಮೊದಲು ಅರದಿಂದ ಸಪಾಟು ಮಾಡಬೇಕು, ಸರಿಯಾಗಿ ನಡುವೆ ಪಂಚ್ ಹೊಡೆಯಬೇಕು. ಎರಡೂ ಮಾಡಲಿಲ್ಲ. ನಕಲ್‌ನ ಹಿಂದೆ ಡ್ರಿಲ್ ನೆಟ್ಟಗೆ ಹಿಡಿಯಲು ಜಾಗವೇ ಇಲ್ಲ. ಬಿಟ್ ಪಕ್ಕಕ್ಕೆ ಜಾರಿ ಓರೆಯಾಗಿ ಕೊರೆಯಿತು. ಆ ತೂತಿಗೆ ಈಝಿ ಔಟ್, ಅಂದರೆ ಕಟ್ ಆದ ಬೋಲ್ಟನ್ನು ಒಳಗಿನಿಂದ ಕಚ್ಚಿ ತಿರುಗಿಸಿ ತೆಗೆಯುವ ಸಾಧನ, ಹಾಕಿ ತಿರುಗಿಸಿದರು. ಅದು ಒಳಗೇ ಮುರಿಯಿತು.

ಈಝಿ ಔಟ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಗಡಿಯಲ್ಲಿ ಸೆಟ್ ಸಿಗುತ್ತದೆ, ಬೆಲೆಯೂ ಕಡಿಮೆ, ಎಲ್ಲರೂ ಕೊಳ್ಳುತ್ತಾರೆ. ಅದು ತುಂಬಾ ಗಡಸು ಉಕ್ಕು. ಗಡಸು ಅಂದರೆ ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಪೂರ್ತಿ ದಪ್ಪದ ಬೋಲ್ಟೇ ಕಟ್ ಆಗುವಷ್ಟು ಕಚ್ಚಿಕೊಂಡಿರುವಾಗ, ಅದಕ್ಕಿಂತ ತೆಳುವಾದ ಈಝಿ ಔಟ್ ಅದನ್ನು ತಿರುಗಿಸೀತು ಅಂತ ನಂಬುವುದು ಹೇಗೆ? ಮತ್ತೆ ಅದು ತಳ್ಳುವುದು ಹೊರಮುಖವಾಗಿ. ಕೊರೆದು ತೆಳುವಾದ ಬೋಲ್ಟ್ ಉಬ್ಬಿ ಥ್ರೆಡ್ಡಿಗೆ ಇನ್ನೂ ಬಿಗಿಯಾಗುತ್ತದೆ. ಒಳಗೆ ಮುರಿದರೆ ಸಾಧಾರಣ ಡ್ರಿಲ್ ಬಿಟ್ ಅದನ್ನು ಕೊರೆಯುವುದೇ ಇಲ್ಲ. ಇನ್ನೂ ಗಡಸಾದ ಕಾರ್ಬೈಡ್ ಬಿಟ್ ಬೇಕು, ಇಲ್ಲದಿದ್ದರೆ ಕಿಡಿಯಿಂದ ಲೋಹ ತಿನ್ನಿಸುವ ಸ್ಪಾರ್ಕ್ ಇರೋಷನ್ ಯಂತ್ರ ಇರುವಲ್ಲಿಗೆ ಹೋಗಬೇಕು. ಬೋಲ್ಟ್ ಸಡಿಲವಾಗಿದ್ದು ತಲೆ ಮಾತ್ರ ಹೋಗಿದ್ದರೆ ಈಝಿ ಔಟ್ ಸರಿ. ತುಕ್ಕಿನಿಂದ ಕಟ್ ಆದ ಬೋಲ್ಟಿಗೆ ಬೇಡವೇ ಬೇಡ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಅಂತ ಬರುತ್ತದೆ, ಅದು ಎಷ್ಟೋ ಮೇಲು. ಕೊರೆಯುವಾಗಲೇ ಬೋಲ್ಟನ್ನು ಬಿಚ್ಚುವ ಕಡೆಗೆ ತಿರುಗಿಸುತ್ತದೆ.

ಮುರಿದ ಈಝಿ ಔಟ್ ಪಕ್ಕದಲ್ಲೇ ಅವರು ಮತ್ತೆ ಮತ್ತೆ ಕೊರೆದರು. ತೂತು ಅಗಲವಾಯಿತು. ಬ್ರಾಕೆಟ್ಟಿನದು ಮಾತ್ರ ಅಲ್ಲ, ಅದಕ್ಕಿಂತ ಮುಂಚೆ ಬರುವ ನಕಲ್‌ನ ತೂತೂ ಅಗಲವಾಯಿತು. ಒಂದು ಸೈಜ್ ದೊಡ್ಡ ಟ್ಯಾಪ್ ಹೊಡೆದು ಹೊಸ ಥ್ರೆಡ್ ಮಾಡಿ, ತಗಡಿನ ಡಬ್ಬದಿಂದ ಒಂದು ಬೋಲ್ಟ್ ಹುಡುಕಿ ಹಾಕಿದರು. "ಈಗ ಒರಿಜಿನಲ್ಲಿಗಿಂತ ಗಟ್ಟಿ" ಅಂದರು. ದುಡ್ಡು ತೆಗೆದುಕೊಂಡು ಹೋದರು.

ಸ್ವಲ್ಪ ಸಮಯದಲ್ಲೇ ಬ್ರೇಕ್ ಒತ್ತಿದಾಗ ಮುಂದಿನಿಂದ ಟಕ್ ಅನ್ನುವ ಸದ್ದು ಶುರುವಾಯಿತು. ರಿವರ್ಸ್ ತೆಗೆದು ಬ್ರೇಕ್ ಹಾಕಿದಾಗಲೂ ಅದೇ. ಎಬಿಎಸ್ ದೀಪವೂ ಹತ್ತಿತು. ಆ ಗ್ಯಾರೇಜಿಗೆ ಫೋನ್ ಮಾಡಿದರೆ ಬ್ಯಾಟರಿ ವೀಕ್ ಇರಬಹುದು ಅಂದರು. ನಾನು ಬೇರೆ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆ. ಅವರು ಚಕ್ರ ಬಿಚ್ಚಿ ನೋಡಿ, "ಇದನ್ನು ಹಾಕಿದ್ದು ಯಾರು ಮಾರಾಯ್ರೆ?" ಅಂತ ಕೇಳಿದರು. ಕಾರನ್ನು ಅಲ್ಲಿಂದ ತೆಗೆಯಲು ಬಿಡಲಿಲ್ಲ.

ಬೋಲ್ಟ್ ಬಾಗಿತ್ತು. ತೂತು ಓರೆಯಾದ್ದರಿಂದ ತಲೆ ಒಂದೇ ಬದಿಗೆ ಕೂತಿತ್ತು. ಬ್ರಾಕೆಟ್ ಅಲುಗಾಡಿ, ರಿಮ್ಮಿನ ಒಳಗೆ ಉಜ್ಜಿ ಹೊಳೆಯುವ ಗೀರು ಬಿದ್ದಿತ್ತು. ಅವರು ಹೇಳಿದ ಮಾತು ಇದು: "ಮೇಲಿನ ಬೋಲ್ಟ್ ಬಂದಿತ್ತಲ್ಲ? ಸುತ್ತಿಗೆಯಿಂದ ಪೆಟ್ಟು ಕೊಟ್ಟಿದ್ದರೆ ತುಂಡು ಬೋಲ್ಟಿನ ಸಮೇತ ಬ್ರಾಕೆಟ್ ಕೈಗೆ ಬರ್ತಿತ್ತು. ಹೊಸ ಬ್ರಾಕೆಟ್ ಹಾಕಿದ್ದರೆ ಮುಗೀತು." ನಿಜ. ನಕಲ್‌ನಲ್ಲಿ ಥ್ರೆಡ್ಡೇ ಇಲ್ಲ, ತಲೆ ಹೋದ ಬೋಲ್ಟ್ ಅಲ್ಲಿ ಬರೀ ತುಕ್ಕಿನಿಂದ ನಿಂತಿತ್ತು. ಸುಲಭವಾಗಿ ಬದಲಿಸಬಹುದಾದ ಭಾಗವನ್ನು ಉಳಿಸಲು ಹೋಗಿ, ಹಾಳಾಗಲೇಬಾರದ ಭಾಗವನ್ನು ಹಾಳು ಮಾಡಿದ್ದರು.

ಆ ಎರಡು ಬೋಲ್ಟುಗಳ ಮೇಲೆ ಬೀಳುವ ಭಾರ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಜನ ಕೂತ ಚಿಕ್ಕ ಕಾರು ಸುಮಾರು 1,200 ಕೆ.ಜಿ. ಜೋರಾಗಿ ಬ್ರೇಕ್ ಹಾಕಿದಾಗ ಕೆಲಸದ ಹೆಚ್ಚಿನ ಪಾಲು, ಸುಮಾರು ಶೇಕಡಾ 70, ಮುಂದಿನ ಚಕ್ರಗಳದ್ದು. ಒಂದೊಂದು ಟಯರ್ ರಸ್ತೆಯನ್ನು 300 ಕೆ.ಜಿ.ಗೂ ಜಾಸ್ತಿ ಬಲದಿಂದ ಹಿಡಿಯಬೇಕು. ಕ್ಯಾಲಿಪರ್ ಇರುವುದು ಟಯರಿಗಿಂತ ತುಂಬಾ ಒಳಗೆ, ಚಕ್ರದ ನಡುವಿನ ಹತ್ತಿರ. ಹಾಗಾಗಿ ಅದರ ಮೇಲೆ ಬೀಳುವುದು ಹೆಚ್ಚುಕಡಿಮೆ ಮೂರು ಪಟ್ಟು, ಅಂದರೆ 900 ಕೆ.ಜಿ. ಹತ್ತಿರ. ಅಷ್ಟನ್ನೂ ತಡೆದು ನಿಲ್ಲಿಸುವುದು ಆ ಎರಡೇ ಬೋಲ್ಟ್. ಕೆಳಗಿನದು ಹೋಗಿದ್ದರೆ ಬ್ರಾಕೆಟ್ ಮೇಲಿನ ಬೋಲ್ಟಿನ ಸುತ್ತ ತಿರುಗಿ ರಿಮ್ಮಿಗೆ ಸಿಕ್ಕಿಕೊಳ್ಳುತ್ತಿತ್ತು. ಚಕ್ರ ಲಾಕ್ ಆಗುತ್ತಿತ್ತು, ಇಲ್ಲವೇ ಬ್ರೇಕ್ ಪೈಪ್ ಹರಿದು ಪೆಡಲ್ ನೆಲಕ್ಕೆ ಹೋಗುತ್ತಿತ್ತು. ಆ ಕಾರಿನಲ್ಲೇ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದೆವು. ಈಗಲೂ ಅದನ್ನು ನೆನೆದರೆ ಕೋಪ ಬರುತ್ತದೆ.

ಬೋಲ್ಟಿನ ತಲೆಯ ಮೇಲೆ 8.8, 10.9 ಅಂತ ಅಂಕಿ ಇರುತ್ತದೆ. ಅದು ಸೈಜ್ ಅಲ್ಲ, ಶಕ್ತಿ. 10.9 ಅಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 100 ಕೆ.ಜಿ. ಎಳೆದರೆ ಹರಿಯುತ್ತದೆ, ಅದರ ಶೇಕಡಾ 90ರವರೆಗೆ ಕಾಯಂ ಆಗಿ ಹಿಗ್ಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಗೇಟು, ಶೀಟಿನ ಬೋಲ್ಟು ಹೆಚ್ಚಾಗಿ 4.6 ದರ್ಜೆಯದು. ಅದು 24 ಕೆ.ಜಿ.ಗೇ ಕಾಯಂ ಆಗಿ ಹಿಗ್ಗಲು ಶುರು. ನೋಡಲು ಎರಡೂ ಒಂದೇ ಥರ ಇರುತ್ತವೆ. ನಮ್ಮ ಕಾರಿಗೆ ಹಾಕಿದ್ದ ಬೋಲ್ಟಿನ ತಲೆಯ ಮೇಲೆ ಅಂಕಿಯೇ ಇರಲಿಲ್ಲ.

ಕೊನೆಗೆ ಬ್ರಾಕೆಟ್, ಬೋಲ್ಟು, ಸೆನ್ಸರ್, ನಕಲ್ ಎಲ್ಲವೂ ಹೊಸತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ನಕಲ್ ಹುಡುಕೋಣ ಅಂತ ಭಾವ ಹೇಳಿದರು. ಮೆಕ್ಯಾನಿಕ್ ಒಪ್ಪಲಿಲ್ಲ. ಅಪಘಾತದ ಕಾರಿನದ್ದಾಗಿದ್ದರೆ ಬಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ನಕಲ್ ಬದಲಿಸಿದರೆ ಬೇರಿಂಗ್ ಪ್ರೆಸ್ ಮಾಡಬೇಕು, ಅಲೈನ್‌ಮೆಂಟ್ ಮಾಡಿಸಬೇಕು. ಒಂದು ಬ್ರಾಕೆಟ್ಟಿಗೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಹೋಯಿತು. ಮೊದಲಿನ ಗ್ಯಾರೇಜಿನವರು "ನೀವೇ ಬಿಚ್ಚಿದ್ದಲ್ವಾ" ಅಂತ ಕೈತೊಳೆದುಕೊಂಡರು.

ಹಾಗಾಗಿ ಬೋಲ್ಟ್ ಕಟ್ ಆದರೆ ಮೊದಲು ಥ್ರೆಡ್ ಯಾವ ಭಾಗದಲ್ಲಿದೆ ನೋಡಿ. ಬ್ರಾಕೆಟ್ಟಿನಲ್ಲಿದ್ದರೆ ಬ್ರಾಕೆಟ್ ಬದಲಿಸಿ. ಸ್ಲೈಡ್ ಪಿನ್ನಿನಲ್ಲಿದ್ದರೆ ಪಿನ್ ಬದಲಿಸಿ, ಅದು ಇನ್ನೂ ಅಗ್ಗ. ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂ ಕಟ್ ಆದರೆ ಕ್ಯಾಲಿಪರನ್ನೇ ಬದಲಿಸಿ. ಕೊರೆದ ಪುಡಿ ಒಳಗೆ ಹೋದರೆ ಸೀಲು ಹಾಳು. ಕೆಲವು ಕಾರುಗಳಲ್ಲಿ ಥ್ರೆಡ್ ನಕಲ್‌ನಲ್ಲೇ ಇರುತ್ತದೆ. ಆಗ ನಕಲ್ ಕಳಚಿ ಒಳ್ಳೆಯ ಲೇತ್ ಅಂಗಡಿಗೆ ಕೊಡಿ. ಅಲ್ಲಿ ನಿಲ್ಲಿಸಿ ಕೊರೆಯುವ ಯಂತ್ರ ಇರುತ್ತದೆ, ತೂತು ನೆಟ್ಟಗೆ ಬರುತ್ತದೆ. ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸುವುದೂ ಒಳ್ಳೆಯ ದಾರಿ, ಆ ಬಿಸಿಗೆ ತುಕ್ಕೂ ಬಿಡುತ್ತದೆ. ಕಾರಿನಲ್ಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಬಿಚ್ಚಲೇಬೇಕು. ಅರ್ಥ್ ಕ್ಲಾಂಪನ್ನು ಆ ಭಾಗಕ್ಕೇ ಹಾಕಬೇಕು. ಎಲ್ಲೋ ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಕೆಡಿಸುತ್ತದೆ.

ಮತ್ತೆ ಬಿಗಿಯುವಾಗ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಬಳಸಿ. ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಸರಿ. ಚಿಕ್ಕ ಕಾರುಗಳಲ್ಲಿ ಬ್ರಾಕೆಟ್ ಬೋಲ್ಟಿಗೆ ಹೆಚ್ಚಾಗಿ 80ರಿಂದ 110 ನ್ಯೂಟನ್ ಮೀಟರ್, ಸ್ಲೈಡ್ ಪಿನ್ ಬೋಲ್ಟಿಗೆ 25ರಿಂದ 35 ಇರುತ್ತದೆ.

ಇಂಥ ರಿಪೇರಿ ಈಗಾಗಲೇ ಮಾಡಿಸಿಕೊಂಡು ಓಡಿಸುತ್ತಿದ್ದರೆ ಈ ವಾರವೇ ಚಕ್ರ ಬಿಚ್ಚಿಸಿ. ನಕಲ್‌ನ ಹಿಂದೆ ಟಾರ್ಚ್ ಹಾಕಿ ಎರಡೂ ಬೋಲ್ಟಿನ ತಲೆ ನೋಡಿ. ಎರಡೂ ಒಂದೇ ಥರ ಇರಬೇಕು, ಒಂದೇ ಅಂಕಿ ಇರಬೇಕು, ತಲೆ ಸುತ್ತಲೂ ಸಮನಾಗಿ ಕೂತಿರಬೇಕು. ರಿಮ್ಮಿನ ಒಳಗೆ ಹೊಸ ಗೀರು ಇದೆಯಾ ನೋಡಿ. ಬ್ರಾಕೆಟ್ ಹಿಡಿದು ಜೋರಾಗಿ ಅಲುಗಿಸಿ. ಇದರಲ್ಲಿ ಒಂದು ತಪ್ಪು ಕಂಡರೂ, ಸರಿಯಾದ ಬ್ರಾಕೆಟ್ ಮತ್ತು ಬೋಲ್ಟ್ ಬರುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.