ಮಡಿಕೇರಿಯ ಓದುಕೋಣೆಯೊಂದರ ಹಿನ್ನೆಲೆ ಸಂಗೀತ: ಮೂರು ತಿಂಗಳ ಅನುಭವ

ಮಡಿಕೇರಿಯ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿರುವ ಓದುಕೋಣೆಗೆ ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳನ್ನು ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಳುಹಿಸಿದ್ದೆ. ತಿಂಗಳಿಗೆ 900 ರೂಪಾಯಿ ಶುಲ್ಕ. ‘ಸಂಗೀತದಿಂದ ಪರೀಕ್ಷಾ ಭಯ ಮಾಯ’ ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ. ಕಿರುಪರೀಕ್ಷೆಯ ಹಿಂದಿನ ರಾತ್ರಿ ಊಟ ಬಿಡುವ, ಓದಿದ್ದೆಲ್ಲ ಮರೆತುಹೋಯಿತೆಂದು ಅಳುವ ಹುಡುಗಿ ಮನೆಯಲ್ಲಿರುವಾಗ ಅಂಥ ಬೋರ್ಡನ್ನು ನೋಡಿಯೂ ನೋಡದಂತೆ ದಾಟಿ ಹೋಗುವುದು ಯಾವ ತಾಯಿಗೂ ಸುಲಭವಲ್ಲ. ಗುಣದ ಜೊತೆಗೆ ದೋಷಗಳನ್ನೂ ಬರೆಯಬೇಕಾಗಿರುವುದರಿಂದ ಕೋಣೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಮೊದಲು ಮೆಚ್ಚಬೇಕಾದದ್ದು ಬೆಳಗಿನ ಹೊತ್ತು. ಒಂಬತ್ತು ಗಂಟೆಗೆ ಬಾಗಿಲು ತೆರೆದಾಗ ಸಣ್ಣ ದನಿಯಲ್ಲಿ ಕೊಳಲೋ ಸಂತೂರೋ ನುಡಿಯುತ್ತಿರುತ್ತದೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ನಿನ್ನದು ಎಷ್ಟು ಪಾಠ ಆಯಿತು’ ಎಂದು ಗಾಬರಿಯನ್ನು ಹಂಚಿಕೊಳ್ಳುವ ಬದಲು ತಮ್ಮ ತಮ್ಮ ಮೇಜಿಗೆ ಹೋಗಿ ಕೂರುತ್ತಾರೆ. ಮೊದಲ ವಾರ ನಾನೂ ಜೊತೆಗೆ ಹೋಗಿ ಮಗಳ ಕೈ ಹಿಡಿದು ನಾಡಿ ಎಣಿಸಿದ್ದೆ. ಬಂದಾಗ ನಿಮಿಷಕ್ಕೆ 96 ಇದ್ದದ್ದು ಹತ್ತು ನಿಮಿಷದಲ್ಲಿ 78ಕ್ಕೆ ಇಳಿದಿತ್ತು. ಇದು ಕೊಳಲಿನ ಪ್ರಭಾವವೆಂದು ಹಿಗ್ಗಿ ಮನೆಗೆ ಬಂದ ಮೇಲೆ ನೆನಪಾಯಿತು: ಮಡಿಕೇರಿಯ ಏರುದಾರಿ ಹತ್ತಿ, ಮತ್ತೆ ಎರಡು ಮಹಡಿ ಹತ್ತಿದವರು ಸುಮ್ಮನೆ ಕುಳಿತರೂ ನಾಡಿ ಇಳಿಯುತ್ತದೆ. ಆದರೂ ಮಗಳು ಪುಸ್ತಕ ತೆರೆಯುವಾಗ ಮೊದಲಿನಂತೆ ಉಗುರು ಕಚ್ಚುತ್ತಿರಲಿಲ್ಲ, ಅದನ್ನು ನಾನು ಅಲ್ಲಗಳೆಯಲಾರೆ.

ಬೋರ್ಡಿನ ಮಾತು ಮಾತ್ರ ಅಳತೆ ಮೀರಿದ್ದು. ಮನೋವಿಜ್ಞಾನಿ ಚಾರ್ಲ್ಸ್ ಸ್ಪೀಲ್‌ಬರ್ಗರ್ 1970ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲಿ ಆತಂಕವನ್ನು ಎರಡಾಗಿ ನೋಡಲಾಗುತ್ತದೆ. ಆ ಕ್ಷಣಕ್ಕೆ ಬಂದು ಹೋಗುವ ಆತಂಕಕ್ಕೆ 20 ಪ್ರಶ್ನೆಗಳು, ಸ್ವಭಾವದಲ್ಲೇ ಬೇರೂರಿದ ಆತಂಕಕ್ಕೆ 20 ಪ್ರಶ್ನೆಗಳು. ಮೆಲುದನಿಯ ಸಂಗೀತ ಮೊದಲನೆಯದನ್ನು ಸ್ವಲ್ಪ ಹೊತ್ತು ಸಡಿಲಿಸಬಹುದು. ಬೋರ್ಡು ಮಾಯ ಮಾಡುತ್ತೇನೆನ್ನುವುದು ಎರಡನೆಯದನ್ನು. ಒಳಗಿನ ಗೋಡೆಯ ಮೇಲೆ ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟನ ಚಿತ್ರದೊಂದಿಗೆ ‘ಸಂಗೀತ ಬುದ್ಧಿಯನ್ನು ಬೆಳೆಸುತ್ತದೆ’ ಎಂದೂ ಬರೆಸಿದ್ದಾರೆ. ಈ ಮಾತಿಗೆ ಮೂಲವಾದ, 1993ರಲ್ಲಿ ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಸಂಗೀತ ಕೇಳಿಸಿ ನಡೆಸಿದ ಪ್ರಯೋಗದಲ್ಲಿ ಕಂಡದ್ದು ಆಕೃತಿಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸುವಂಥ ಲೆಕ್ಕಗಳಲ್ಲಿ ಕಾಲು ಗಂಟೆಯೂ ಮೀರದ ಸುಧಾರಣೆ. ಪರೀಕ್ಷಾ ಭಯದ ವಿಷಯ ಅದರಲ್ಲಿ ಇರಲೇ ಇಲ್ಲ.

ಸಂಜೆಯ ಹೊತ್ತಿನದು ಬೇರೆಯೇ ಕಥೆ. ನಾಲ್ಕು ಗಂಟೆಯ ನಂತರ ಮೇಲ್ವಿಚಾರಣೆಗೆ ಬರುವ ಯುವಕರು ಚಿತ್ರಗೀತೆಗಳನ್ನು ಹಾಕುತ್ತಾರೆ. ಹಾಡು ಎಷ್ಟೇ ಇಂಪಾಗಿರಲಿ, ಅದರಲ್ಲಿ ಮಾತಿದೆ. ನಾವು ಓದುವಾಗ ಪದಗಳನ್ನು ಒಳಗೊಳಗೇ ಉಚ್ಚರಿಸಿಕೊಂಡು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವೆ. ಕಿವಿಗೆ ಬೀಳುವ ಮಾತು, ನಾವು ಗಮನ ಕೊಡದಿದ್ದರೂ, ಅದೇ ಜಾಗಕ್ಕೆ ನುಗ್ಗುತ್ತದೆ. ಅರ್ಥವಾಗದ ಭಾಷೆಯ ಮಾತೂ ನೆನಪನ್ನು ಕೆಡಿಸುತ್ತದೆ ಎಂಬುದನ್ನು 1970ರ ದಶಕದಿಂದಲೇ ಪ್ರಯೋಗಗಳು ತೋರಿಸಿವೆ. ಹಾಗಿರುವಾಗ ಬಾಯಿಪಾಠವಾಗಿರುವ ಕನ್ನಡ ಹಾಡಿನ ಕಥೆ ಏನು? ಹೆದರಿದ ಮನಸ್ಸಿಗೆ ಇದರ ಪೆಟ್ಟು ಹೆಚ್ಚು, ಏಕೆಂದರೆ ‘ಫೇಲಾದರೆ ಏನು ಗತಿ’ ಎಂಬ ಚಿಂತೆ ಆ ಸಣ್ಣ ಜಾಗದ ಅರ್ಧವನ್ನು ಮೊದಲೇ ಆಕ್ರಮಿಸಿಕೊಂಡಿರುತ್ತದೆ. ಜೀವಶಾಸ್ತ್ರದ ಒಂದೇ ಪುಟವನ್ನು ಮೂರು ಸಲ ಓದಿದೆನೆಂದೂ, ನೆನಪಿನಲ್ಲಿ ಉಳಿದದ್ದು ಪಲ್ಲವಿ ಮಾತ್ರವೆಂದೂ ಮಗಳು ಹೇಳಿದಳು. ಹಾಡಿನಿಂದ ಓದು ಕೆಟ್ಟಿತು, ಓದು ಕೆಟ್ಟದ್ದರಿಂದ ಭಯ ಹೆಚ್ಚಿತು. ಎರಡು ಬಾರಿ ದೂರು ಕೊಟ್ಟ ಮೇಲೆ ವಾರದ ಮಟ್ಟಿಗೆ ಹಾಡು ನಿಂತು, ಮತ್ತೆ ಶುರುವಾಯಿತು.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವೆ ಬರುವ ಕೊಡವ ತಿಂಗಳಿನ, ಮಳೆಯಲ್ಲಿ ಇನ್ನೊಂದು ತೊಂದರೆ. ಮೇಲೆ ಶೀಟಿನ ಮಾಡು. ಮಳೆ ಜೋರಾದಷ್ಟೂ ಸ್ಪೀಕರಿನ ದನಿಯನ್ನೂ ಏರಿಸುತ್ತಾರೆ, ಕೊನೆಗೆ ಎರಡೂ ಸೇರಿ ಸಂತೆಯಾಗುತ್ತದೆ. ಒಂದೇ ಸಮನೆ ಸುರಿಯುವ ಮಳೆಯ ಸದ್ದು ಬಾಗಿಲ ಬಡಿತವನ್ನೂ ಕೆಳಗಿನ ರಸ್ತೆಯ ಹಾರನ್ನನ್ನೂ ತಾನೇ ಮುಚ್ಚಿಹಾಕುತ್ತದೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅದಕ್ಕಿಂತ ಪರಿಚಿತವಾದ ಹಿನ್ನೆಲೆ ಸಂಗೀತ ಬೇರೆ ಬೇಕೆಂದು ನನಗೆ ಅನ್ನಿಸುವುದಿಲ್ಲ. ಕರೆಂಟು ಹೋಗಿ ಸ್ಪೀಕರು ನಿಂತಿದ್ದ ಮಧ್ಯಾಹ್ನಗಳಲ್ಲೇ ತನ್ನ ಓದು ಚೆನ್ನಾಗಿ ಸಾಗಿತೆಂದು ಮಗಳು ಹೇಳಿದ್ದನ್ನು ಮಾಲೀಕರಿಗೆ ತಿಳಿಸಿದೆ. ಅವರು ನಕ್ಕು ಸುಮ್ಮನಾದರು. ರಾಗಗಳ ಆಯ್ಕೆಯಲ್ಲೂ ಸ್ವಲ್ಪ ವಿವೇಚನೆ ಇದ್ದಿದ್ದರೆ ಒಳ್ಳೆಯದಿತ್ತು. ಲಾಲಿಗೆಂದೇ ಹೆಸರಾದ ನೀಲಾಂಬರಿಯನ್ನು ಊಟವಾದ ಮೇಲೆ ಎರಡು ಗಂಟೆಗೆ ವೀಣೆಯಲ್ಲಿ ಕೇಳಿಸಿದರೆ ಆತಂಕ ಕಡಿಮೆಯಾಗುವುದೇನೋ ನಿಜ, ಅರ್ಧ ಕೋಣೆ ಮೇಜಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ.

ಸೇರಿಸುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪರೀಕ್ಷಾ ಕೊಠಡಿಯಲ್ಲಿ ಕೊಳಲು ನುಡಿಯುವುದಿಲ್ಲ. ನೀರಿನಡಿಯಲ್ಲಿ ಕಲಿತ ಪದಗಳು ದಡಕ್ಕಿಂತ ನೀರಿನಡಿಯಲ್ಲೇ ಹೆಚ್ಚು ನೆನಪಾಗುತ್ತವೆ ಎಂಬುದನ್ನು 1975ರಲ್ಲಿ ಮುಳುಗುಗಾರರ ಮೇಲೆ ನಡೆಸಿದ ಪ್ರಯೋಗವೊಂದು ತೋರಿಸಿತ್ತು. ಸಂಗೀತದೊಂದಿಗೇ ಓದಿ ರೂಢಿಯಾದವರಿಗೆ ಪರೀಕ್ಷೆಯ ಮೌನವೇ ಹೊಸ ಹೆದರಿಕೆಯಾಗಬಹುದೆಂಬ ಅನುಮಾನ ನನಗೆ ಬಂದದ್ದು ಅದರಿಂದ. ಹಾಗಾಗಿ ಆಗಸ್ಟ್ ನಡುವಿನಿಂದ ಕ್ರಮ ಬದಲಿಸಿದೆವು: ಮೊದಲ ಹತ್ತು ನಿಮಿಷ ಸಂಗೀತ, ಆಮೇಲೆ ಕಿವಿಗೆ ಹತ್ತಿ, ಹಳೆಯ ಪ್ರಶ್ನೆಪತ್ರಿಕೆ ಬರೆಯುವುದು ಮನೆಯಲ್ಲಿ, ಗಡಿಯಾರದ ಮುಂದೆ, ಪೂರ್ಣ ಮೌನದಲ್ಲಿ. ಸೆಪ್ಟೆಂಬರಿನ ಪರೀಕ್ಷೆಯ ಹಿಂದಿನ ರಾತ್ರಿ ಅವಳು ಊಟ ಮಾಡಿದಳು. ಇದರಲ್ಲಿ ಕೊಳಲಿನ ಪಾಲೆಷ್ಟು, ಪ್ರಶ್ನೆಪತ್ರಿಕೆಗಳ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ನನ್ನ ಒಲವು ಪ್ರಶ್ನೆಪತ್ರಿಕೆಗಳ ಕಡೆಗೆ.

ಉಳಿದಂತೆ ಮೇಜು, ಬೆಳಕು, ಶೌಚಾಲಯ ಚೆನ್ನಾಗಿವೆ. ಕುಡಿಯಲು ಬಿಸಿನೀರು ಸಿಗುತ್ತದೆ. ಕೊಡೆ ಒಣಗಿಸಲು ಜಾಗವಿಲ್ಲ. ರಾತ್ರಿ ಎಂಟರವರೆಗೆ ತೆರೆದಿದ್ದರೂ ಹಳ್ಳಿಗಳಿಗೆ ಹೋಗುವ ಮಕ್ಕಳು ಆರೂವರೆಯ ಬಸ್ಸಿಗೆ ಏಳಲೇಬೇಕು, ಅವರಿಗೂ ಶುಲ್ಕ ಅಷ್ಟೇ. ದಿನದ ಪಾಸು 50 ರೂಪಾಯಿಗೆ ದೊರೆಯುತ್ತದೆ, ನಾವು ಈಗ ಅದನ್ನೇ ತೆಗೆದುಕೊಳ್ಳುತ್ತಿದ್ದೇವೆ. ಹೋಗುವವರು ಬೆಳಿಗ್ಗೆಯೇ ಹೋಗಿ, ಸ್ಪೀಕರಿನಿಂದ ದೂರವಿರುವ ಕಿಟಕಿಯ ಸಾಲನ್ನು ಕೇಳಿ ಪಡೆಯಿರಿ.