ಆರು ವರ್ಷ ಬಳಸಿದ ಪ್ಯಾಟರ್ನ್ ಜನರೇಟರ್: ಹಳೆ ಕಲರ್ ಟಿವಿ ಇಟ್ಟುಕೊಂಡವರಿಗೆ

ಟಿವಿ ಸರಿಹೊಂದಿಸಲು ಬೇಕಾದ ಗೊತ್ತಿರುವ ಬಣ್ಣಗಳ ಚಿತ್ರವನ್ನು ಪರದೆಗೆ ಕಳಿಸುವ ಪೆಟ್ಟಿಗೆ ಈ ಪ್ಯಾಟರ್ನ್ ಜನರೇಟರ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದು. ಅಪ್ಪ ತಂದಿದ್ದ 20 ಇಂಚಿನ ಟಿವಿಯಲ್ಲಿ ಎಲ್ಲರ ಮುಖವೂ ಕೆಂಪಾಗಿ ಕಾಣುತ್ತಿತ್ತು. ಸಿನಿಮಾ ಹಾಕಿಕೊಂಡು ಕಲರ್ ಕಂಟ್ರೋಲ್ ತಿರುಗಿಸುತ್ತಿದ್ದೆ. ಒಂದು ದೃಶ್ಯಕ್ಕೆ ಸರಿಹೋದರೆ ಇನ್ನೊಂದಕ್ಕೆ ಕೆಡುತ್ತಿತ್ತು. ಆ ಮುಖದ ನಿಜವಾದ ಬಣ್ಣ ನಮಗೇನು ಗೊತ್ತು, ಅಲ್ವಾ? ಜನರೇಟರ್ ಕೊಡುವ ಕಲರ್ ಬಾರ್‌ನಲ್ಲಿ, ಅಂದರೆ ಸಾಲಾಗಿ ನಿಂತ ಬಣ್ಣದ ಪಟ್ಟಿಗಳಲ್ಲಿ, ಎಲ್ಲ ಗೊತ್ತಿರುತ್ತದೆ: ಬಿಳಿ, ಹಳದಿ, ಸಯಾನ್, ಹಸಿರು, ಮಜೆಂಟಾ, ಕೆಂಪು, ನೀಲಿ, ಕಪ್ಪು.

ಟಿವಿ ಅರ್ಧ ಗಂಟೆ ಬಿಸಿಯಾಗಲಿ. ಮೊದಲು ಕಲರ್ ಪೂರ್ತಿ ಇಳಿಸಿ. ಎಂಟು ಪಟ್ಟಿಗಳೂ ಬಿಳಿಯಿಂದ ಕಪ್ಪಿನವರೆಗೆ ಬೂದು ಬಣ್ಣದ ಮೆಟ್ಟಿಲಿನ ಹಾಗೆ ಇಳಿಯಬೇಕು. ನನ್ನ ಟಿವಿಯಲ್ಲಿ ಮಬ್ಬು ಮೆಟ್ಟಿಲುಗಳೇ ಕೆಂಪಾಗಿದ್ದವು! ತಪ್ಪು ಕಲರ್ ಕಂಟ್ರೋಲ್‌ನದಲ್ಲ, ಪಿಕ್ಚರ್ ಟ್ಯೂಬ್ ಬೇಸ್‌ನಲ್ಲಿರುವ ಕೆಂಪಿನ ಕಟ್‌ಆಫ್ ಪ್ರೀಸೆಟ್‌ನದು (ಮಬ್ಬು ಭಾಗದಲ್ಲಿ ಕೆಂಪು ಎಷ್ಟಿರಬೇಕೆಂದು ಹೊಂದಿಸುವ ಪುಟ್ಟ ತಿರುಗಣೆ). ಇಷ್ಟು ವರ್ಷ ಸುಮ್ನೆ ಬೇರೆ ಕಂಟ್ರೋಲ್ ತಿರುಗಿಸಿದ್ದೆ. ಬಿಳಿ ಕಡೆಯ ಮೆಟ್ಟಿಲುಗಳಲ್ಲಿ ಬಣ್ಣ ಕಂಡರೆ ಬೆಳಕಿನ ಭಾಗವನ್ನು ಹೊಂದಿಸುವ ಡ್ರೈವ್ ಪ್ರೀಸೆಟ್ ನೋಡಬೇಕು.

ಆಮೇಲೆ ಕಲರ್. ನೀಲಿ ಜಿಲೆಟಿನ್ ಹಾಳೆಯನ್ನು ಎರಡು ಪದರ ಮಾಡಿ ಕಣ್ಣಿಗೆ ಹಿಡಿಯುತ್ತೇನೆ. ನೀಲಿ ಅಂಶವಿರುವ ಬಿಳಿ, ಸಯಾನ್, ಮಜೆಂಟಾ, ನೀಲಿ ಪಟ್ಟಿಗಳು ಮಾತ್ರ ಬೆಳಗುತ್ತವೆ. ನನ್ನ ಜನರೇಟರ್‌ನಲ್ಲಿ ಬಿಳಿಯೂ ಬಣ್ಣದ ಪಟ್ಟಿಗಳಂತೆ 75% ಮಟ್ಟದಲ್ಲೇ ಇರುವುದರಿಂದ ನಾಲ್ಕೂ ಒಂದೇ ಸಮ ಬೆಳಗಬೇಕು. ನೀಲಿ ಪಟ್ಟಿ ಬಿಳಿಗಿಂತ ಜಾಸ್ತಿ ಬೆಳಗಿದರೆ ಕಲರ್ ಜಾಸ್ತಿಯಾಗಿದೆ ಎಂದರ್ಥ. ಈ ಕೆಲಸಕ್ಕೆ ಎರಡು ನಿಮಿಷ ಸಾಕು. ಮುಗಿಸಿ ಮತ್ತೆ ಸಿನಿಮಾ ಹಾಕಿದಾಗ ಸಿಗುವ ಖುಷಿಯೇ ಬೇರೆ.

ಪಟ್ಟಿಗಳಲ್ಲಿ ಅಡ್ಡಡ್ಡ ಗೆರೆಗಳು ಕಂಡರೆ ಡಿಲೇ ಲೈನ್ (ಒಂದು ಗೆರೆಯ ಬಣ್ಣದ ಸಂಕೇತವನ್ನು ಮುಂದಿನ ಗೆರೆಯವರೆಗೆ ತಡೆದಿಡುವ ಭಾಗ) ಹೊಂದಾಣಿಕೆ ತಪ್ಪಿರುತ್ತದೆ. ಅದನ್ನು ಅನುಭವಿ ಮೆಕ್ಯಾನಿಕ್‌ಗೇ ಬಿಡಿ. ಒಳಗೆ ಪಿಕ್ಚರ್ ಟ್ಯೂಬ್‌ಗೆ ಹೋಗುವ ವೋಲ್ಟೇಜ್ 20,000 ದಾಟುತ್ತದೆ, ಹುಷಾರು.

ಜನರೇಟರ್‌ಗೆ ಕೊರತೆಗಳೂ ಇವೆ. ಬಿಸಿಯಾದಂತೆ ಆರ್‌ಎಫ್ ಚಾನೆಲ್ (ಆಂಟೆನಾ ಸಾಕೆಟ್‌ಗೆ ಅದು ಕಳಿಸುವ ಚಾನೆಲ್) ಜರುಗುತ್ತದೆ, ಮತ್ತೆ ಟ್ಯೂನ್ ಮಾಡಬೇಕು. ಜೊತೆಗೆ ಬಂದ ಅಡಾಪ್ಟರ್‌ನಿಂದ ಪರದೆಯಲ್ಲಿ ಹಮ್ ಪಟ್ಟಿ (ಕರೆಂಟಿನ ಅಡಚಣೆಯಿಂದ ಮೂಡುವ ಅಡ್ಡ ಪಟ್ಟಿ) ಬರುತ್ತಿತ್ತು, ಬದಲಾಯಿಸಿದೆ. ಕೊಳ್ಳುವಾಗ ಪಾಲ್ (ಟಿವಿಗೆ ಬಣ್ಣದ ಸಂಕೇತ ಕಳಿಸುವ ಒಂದು ಪದ್ಧತಿ) ಹೌದೋ ಅಲ್ಲವೋ ಕೇಳಿ. ದೂರದರ್ಶನ 1982ರಲ್ಲಿ ಕಲರ್ ಶುರು ಮಾಡಿದ್ದು ಪಾಲ್‌ನಲ್ಲೇ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಜನರೇಟರ್ ತಂದರೆ ನಮ್ಮ ಹಳೆ ಸೆಟ್‌ಗಳಲ್ಲಿ ಬಣ್ಣವೇ ಬರುವುದಿಲ್ಲ.

ಎವಿ ಸಾಕೆಟ್ (ವಿಡಿಯೊ ನೇರವಾಗಿ ಕೊಡುವ ಸಾಕೆಟ್) ಇರುವ ಟಿವಿಗೆ ಡಿವಿಡಿಯಲ್ಲಿ ಹಾಕಿದ ಕಲರ್ ಬಾರ್ ಸಾಕು. ಆಂಟೆನಾ ಸಾಕೆಟ್ ಮಾತ್ರ ಇದ್ದರೆ ಇದನ್ನು ಧೈರ್ಯವಾಗಿ ಕೊಳ್ಳಿ.