ವಯಸ್ಸು ಹೇಳುವ ಕ್ಯಾಮೆರಾ, ಹೇಳದ ಕ್ಯಾಮೆರಾ: ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ

15,000 ರೂಪಾಯಿಯೊಳಗೆ ಲೆನ್ಸ್ ಬದಲಿಸಬಹುದಾದ ಹೊಸ ಕ್ಯಾಮೆರಾ ದಕ್ಕುವುದಿಲ್ಲವೆಂಬುದು ದಾವಣಗೆರೆಯ ಎರಡು ಅಂಗಡಿ ಹತ್ತಿ ಇಳಿಯುವಷ್ಟರಲ್ಲಿ ಮನದಟ್ಟಾಯಿತು. ಉಳಿದದ್ದು ಸೆಕೆಂಡ್ ಹ್ಯಾಂಡ್ ದಾರಿಯೊಂದೇ. ಇಲ್ಲಿ ಸ್ಟುಡಿಯೊ ನಡೆಸುವ ಸ್ನೇಹಿತರೊಬ್ಬರು ತಮ್ಮ ನಿಕಾನ್ ಡಿ90 ಅನ್ನು 18-105 ಜೂಮ್ ಲೆನ್ಸ್ ಸಹಿತ 11,000 ರೂಪಾಯಿಗೆ ಕೊಡಲು ಒಪ್ಪಿದರು. ಚಿತ್ರದುರ್ಗದಲ್ಲಿ ಭಾವನವರಿಗೆ ಪರಿಚಯವಿದ್ದ, ಮದುವೆ ಫೋಟೊ ತೆಗೆಯುವ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಮೊದಲ ಮಾದರಿಯ ಕ್ಯಾನನ್ 5ಡಿ ಮತ್ತು 50 ಎಂಎಂ ಲೆನ್ಸ್‌ಗೆ 14,000 ಕೇಳಿದರು. ಇಬ್ಬರೂ ದೊಡ್ಡ ಮನಸ್ಸು ಮಾಡಿ ಹತ್ತು ದಿನ ಬಳಸಿ ನೋಡಲು ಬಿಟ್ಟದ್ದರಿಂದ ಎರಡನ್ನೂ ಒಂದೇ ಹೆಗಲಿಗೆ ಹಾಕಿಕೊಂಡು ತಿರುಗಿದೆ.

5ಡಿ 2005ರದು, 12.8 ಮೆಗಾಪಿಕ್ಸೆಲ್, ಡಿ90 2008ರದು, 12.3 ಮೆಗಾಪಿಕ್ಸೆಲ್. ಈ ಅಂಕಿಗಳನ್ನಷ್ಟೇ ನೋಡಿದರೆ ಎರಡೂ ಒಂದೇ ಎನ್ನಿಸುತ್ತದೆ. ನಿಜವಾದ ಅಂತರವಿರುವುದು ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರಿನ ಅಳತೆಯಲ್ಲಿ: 5ಡಿಯದು ಹಳೆಯ ಫಿಲಂ ರೀಲಿನ ಚೌಕಟ್ಟಿನಷ್ಟೇ, ಅಂದರೆ ಸುಮಾರು 36×24 ಮಿಲಿಮೀಟರ್; ಡಿ90ಯದು ಅದರ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣದ್ದು.

ಹೋಲಿಕೆ ನ್ಯಾಯವಾಗಿರಲೆಂದು ಡಿ90ಗೂ ಸ್ಟುಡಿಯೊದಿಂದ ಹಳೆಯ 50 ಎಂಎಂ ಡಿ ಮಾದರಿಯ ಲೆನ್ಸ್ ಎರವಲು ತಂದೆ. ಹಾಕಿದೊಡನೆ ಪರದೆಯಲ್ಲಿ ‘ಎಫ್‌ಇಇ’ ಎಂದು ಮಿನುಗಿತು, ಶಟರ್ (ಬೆಳಕಿಗೆ ತೆರೆದು ಮುಚ್ಚುವ ಕದ) ಬೀಳಲೇ ಇಲ್ಲ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಿ ಫೋನ್ ಮಾಡಿದರೆ ಸ್ನೇಹಿತರು ನಗುತ್ತಾ, ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಂಡಿ) ಬಳೆಯನ್ನು 22ಕ್ಕೆ ತಿರುಗಿಸಿ ಬೀಗ ಹಾಕಲು ಹೇಳಿದರು, ಅಷ್ಟಕ್ಕೇ ಸರಿಹೋಯಿತು. ಇಂಥ ಹಳೆಯ ಲೆನ್ಸ್‌ಗಳನ್ನು ಫೋಕಸ್ ಮಾಡುವ ಮೋಟಾರ್ ಡಿ90ಯ ಬಾಡಿಯಲ್ಲೇ ಇದೆ. ಅದೇ ಕಂಪನಿಯ ಡಿ40, ಡಿ3100ರಂಥ ಅಗ್ಗದ ಮಾದರಿಗಳಲ್ಲಿ ಅದಿಲ್ಲ, ಅವುಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಚಿತ್ರದುರ್ಗದ ಕೋಟೆಯಲ್ಲಿ ಸೆನ್ಸರಿನ ಅಂತರ ಮೊದಲು ಕಂಡದ್ದು ಒನಕೆ ಓಬವ್ವನ ಕಿಂಡಿಯ ಬಳಿ. ಅಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ಬೆನ್ನಿಗೆ ಬಂಡೆ ತಾಗುತ್ತದೆ. ಒಂದೇ ಜಾಗದಲ್ಲಿ ನಿಂತು ತೆಗೆದಾಗ 5ಡಿಯಲ್ಲಿ ಕಿಂಡಿಯೂ ಅದನ್ನು ಒತ್ತಿ ನಿಂತ ಎರಡು ಬಂಡೆಗಳೂ ಸಿಕ್ಕವು. ಸೆನ್ಸರ್ ಚಿಕ್ಕದಾದ್ದರಿಂದ ಡಿ90ಯಲ್ಲಿ ಆ 50 ಎಂಎಂ ಲೆನ್ಸಿನ ನೋಟ ಕಿರಿದಾಗಿ, 75ರಂತೆ ವರ್ತಿಸಿ ಕಿಂಡಿಯ ಕತ್ತಲನ್ನಷ್ಟೇ ತುಂಬಿಕೊಟ್ಟಿತು. 18-105 ಲೆನ್ಸ್‌ಗೆ ಬದಲಿಸಿದ ಮೇಲೆ ತೊಂದರೆ ತೀರಿತು. ಹಿಡಿಂಬೇಶ್ವರ ಗುಡಿಯ ಮಂದ ಬೆಳಕಿನಲ್ಲಿ, ಸೆನ್ಸರಿನ ಬೆಳಕು ಹಿಡಿಯುವ ಸೂಕ್ಷ್ಮತೆಯನ್ನು ಐಎಸ್‌ಒ 1600ಕ್ಕೆ ಏರಿಸಿದಾಗ, 5ಡಿಯ ಚಿತ್ರದ ಕಾಳು (ಗ್ರೇನ್) ಫಿಲಂನ ಕಾಳಿನಂತೆ ಸಣ್ಣದಾಗಿ, ಸಮನಾಗಿ ಹರಡಿಕೊಂಡಿತ್ತು. ಡಿ90ಯ ಚಿತ್ರದ ನೆರಳುಗಳಲ್ಲಿ ಕೆಂಪು, ಹಸಿರು ಚುಕ್ಕೆಗಳು ಎದ್ದಿದ್ದವು. ಅಕ್ಕನ ಮಗುವಿನ ನಾಮಕರಣದಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲೂ, ಮೈಬಣ್ಣ 5ಡಿಯಲ್ಲೇ ಹದವಾಗಿ ಬಂತು. ಚಿತ್ರದ ಮಟ್ಟಿಗೆ ನನಗೆ ಯಾವ ಅನುಮಾನವೂ ಇಲ್ಲ.

ಆದರೆ 5ಡಿಯ ಎರಡೂವರೆ ಇಂಚಿನ ಮಂಕು ಪರದೆಯಲ್ಲಿ, ಕೋಟೆಯ ಬಿಸಿಲಿನಲ್ಲಿ, ಫೋಕಸ್ ಕೂತಿದೆಯೋ ಇಲ್ಲವೋ ತಿಳಿಯುವುದು ಅಸಾಧ್ಯ. ಅದರಲ್ಲಿ ವಿಡಿಯೊ ಇಲ್ಲ, ಪರದೆಯಲ್ಲೇ ನೋಡುತ್ತಾ ಚಿತ್ರ ತೆಗೆಯುವ ಲೈವ್ ವ್ಯೂ ಇಲ್ಲ. ಡಿ90ಯ ವಿಡಿಯೊ 720ಪಿ ಗುಣಮಟ್ಟದ್ದು, ಅದೂ ಒಂದು ಸಲಕ್ಕೆ ಐದೇ ನಿಮಿಷ. ನನಗೆ ಬೇಕಿರಲಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೊಬೈಲ್‌ನಲ್ಲೇ ಚೆನ್ನಾಗಿ ಬರುವುದಿಲ್ಲವೇ ಎಂದು ಅಕ್ಕ ಕೇಳಿದರು. ವಾಟ್ಸ್ಆ್ಯಪ್‌ಗೆ ಕಳಿಸಲು ಖಂಡಿತ ಸಾಕು. ನನಗೆ ಬೇಕಾದದ್ದು ಬಿಸಿಲಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್.

ನನ್ನ ತೀರ್ಮಾನವನ್ನು ತಿರುಗಿಸಿದ್ದು ಚಿತ್ರಗಳಲ್ಲ, ಕ್ಯಾಮೆರಾಗಳ ಆರೋಗ್ಯ ತಪಾಸಣೆ. ಎರಡೂ ಮಾದರಿಗಳ ಶಟರ್ ಅನ್ನು ಪರೀಕ್ಷಿಸಿರುವುದು 1 ಲಕ್ಷ ಚಿತ್ರಗಳಿಗೆ. ಡಿ90 ಎಷ್ಟು ಚಿತ್ರ ತೆಗೆದಿದೆ ಎಂಬ ಲೆಕ್ಕ ಪ್ರತಿ ಚಿತ್ರದ ಫೈಲಿನಲ್ಲೂ ಸೇರಿರುತ್ತದೆ. ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ 38,000 ದಾಟಿತ್ತು. ಮೆನುವಿನ ಬ್ಯಾಟರಿ ಮಾಹಿತಿಗೆ ಹೋದರೆ ಬ್ಯಾಟರಿಯ ಮುಪ್ಪು ಸೊನ್ನೆಯಿಂದ 4ರವರೆಗಿನ ಅಳತೆಯಲ್ಲಿ ಕಾಣುತ್ತದೆ: ಇದರದು 3. 5ಡಿಯಲ್ಲಿ ಎರಡೂ ಕಾಣುವುದಿಲ್ಲ. ಹಿರಿಯರನ್ನೇ ಕೇಳಿದೆ. “ಫೋಟೊ ಎಷ್ಟು ಅಂತ ಲೆಕ್ಕ ಇಟ್ಟಿಲ್ಲಪ್ಪ, ಮದುವೆ ಎಷ್ಟು ಅಂತ ಕೇಳಿದ್ರೆ ಹೇಳ್ತೀನಿ” ಎಂದರು. ಹೇಳಿದರು ಕೂಡ, ಮುಹೂರ್ತ, ಆರತಕ್ಷತೆಗಳನ್ನೆಲ್ಲ ಕೂಡಿಸಿ ನೋಡಿದರೆ ಆ ಲೆಕ್ಕ ಲಕ್ಷವನ್ನು ಯಾವಾಗಲೋ ದಾಟಿತ್ತು.

ಮುಂದಿನ ಪರೀಕ್ಷೆ ದೂಳಿನದು. ಅಪರ್ಚರ್ ಅನ್ನು 16ಕ್ಕೆ ಇಳಿಸಿ ಸುಣ್ಣದ ಗೋಡೆಯ ಚಿತ್ರ ತೆಗೆದು ನೋಡಿದೆ. ಡಿ90ಯಲ್ಲಿ ಮೂಲೆಯಲ್ಲೊಂದು ಚುಕ್ಕೆ. ಸೆನ್ಸರನ್ನು ಅಲುಗಿಸಿ ದೂಳು ಉದುರಿಸುವ ವ್ಯವಸ್ಥೆಯೇ ಇಲ್ಲದ 5ಡಿಯಲ್ಲಿ ರಾಗಿ ಚೆಲ್ಲಿದಂತೆ ಚುಕ್ಕೆಗಳು. ದುರ್ಗದ ಗಾಳಿಯಲ್ಲಿ ಲೆನ್ಸ್ ಬದಲಿಸುವವರಿಗೆ ಇದು ಸಣ್ಣ ಮಾತಲ್ಲ. ಜೊತೆಗೆ ಈ ಮಾದರಿಯಲ್ಲಿ ಒಳಗನ್ನಡಿಯ ಅಂಟು ಬಿಟ್ಟು ಅದು ಕಳಚಿ ಬೀಳುವುದುಂಟು. ಒಂದು ಕಾಲದಲ್ಲಿ ಕಂಪನಿಯೇ ಉಚಿತವಾಗಿ ಸರಿಪಡಿಸಿಕೊಡುತ್ತಿತ್ತು. ಈ ಕ್ಯಾಮೆರಾಕ್ಕೆ ಆ ರಿಪೇರಿ ಆಗಿತ್ತೋ ಇಲ್ಲವೋ ಹಿರಿಯರಿಗೆ ನೆನಪಿರಲಿಲ್ಲ. ಕಾರ್ಡ್ ಕೂಡ ಕಾಂಪ್ಯಾಕ್ಟ್‌ಫ್ಲ್ಯಾಶ್; ಓರೆಯಾಗಿ ತುರುಕಿದರೆ ಒಳಗಿನ ಸೂಜಿಯಂಥ ಪಿನ್ನುಗಳು ಬಾಗುತ್ತವೆ. ಡಿ90ಗೆ ಸಾಮಾನ್ಯ ಎಸ್‌ಡಿ ಕಾರ್ಡ್, 32 ಜಿಬಿವರೆಗಿನದು, ಸಾಕು.

ನಾನು ಡಿ90 ಅನ್ನೇ ಕೊಂಡೆ. ಹಿಡಿಯ ರಬ್ಬರ್ ಸಡಿಲವಾಗಿ ಹೆಬ್ಬೆರಳಿನ ಕೆಳಗೆ ಜಾರುತ್ತಿದ್ದುದನ್ನು ತೋರಿಸಿದಾಗ ಸ್ನೇಹಿತರು 500 ರೂಪಾಯಿ ಬಿಟ್ಟರು. ಆ ಹಣ ಹೊಸ ಬ್ಯಾಟರಿಗೆ ಹೋಯಿತು. 5ಡಿ ಹಿಂದಿರುಗಿಸಲು ಹೋದಾಗ ಹಿರಿಯರು ಕ್ಯಾಮೆರಾವನ್ನು ತಮ್ಮ ಕಿವಿಯ ಬಳಿ ಹಿಡಿದು ಎರಡು ಸಲ ಶಟರ್ ಒತ್ತಿ, ಸದ್ದು ಕೇಳಿ, ಬೀರುವಿನಲ್ಲಿಟ್ಟರು. ಓಬವ್ವನ ಕಿಂಡಿಯ ಚಿತ್ರವನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅದು ಮಾತ್ರ 5ಡಿಯಲ್ಲಿ ತೆಗೆದದ್ದು.